ಸುಮ್ಮನೆ ಕೂತವರ ಗುರುತು

ನಮ್ಮೂರಲ್ಲಿ ಗಂಡ ಮನೆಗೆ ಬಂದರೆ ಅವನು ಯಾರೆಂದು ಹೆಂಡತಿಗೆ ತಕ್ಷಣ ಗೊತ್ತಾಗುತ್ತಿರಲಿಲ್ಲ. ಅವನು ಚಪ್ಪಲಿ ಬಿಟ್ಟು, ಹೊಸ್ತಿಲಾಚೆ ನಿಂತು, ಕೈಚೀಲ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಕಾಯಬೇಕು. ಅವಳು ಒಳಗಿನಿಂದಲೇ, 'ಸ್ವಲ್ಪ ತಡೀರಿ, ಇನ್ನೂ ಬಂದಿಲ್ಲ' ಎನ್ನಬೇಕು. ಗುರುತಿನ ಕಚೇರಿಯ ಯಂತ್ರದಿಂದ ಅವನ ಗುರುತು ಬಂದು ಅವಳನ್ನು ಮುಟ್ಟಿದ ಮೇಲೆ, 'ಓ, ನೀವಾ! ಕೊತ್ತಂಬರಿ ತಂದ್ರಾ?' ಜಗಳದ ಮನೆಗಳಲ್ಲಿ ಆ ಎರಡು ನಿಮಿಷವೇ ಸಂಸಾರದ ಸುಖವೆಲ್ಲ ಎಂದು ಗಂಡಸರು ನನ್ನ ಮೆಸ್ಸಿನಲ್ಲಿ ಕೂತು ನಗುತ್ತಿದ್ದರು. ಪರಊರಿನವರು ಇದನ್ನು ಕಂಡು ಬಾಯಿಬಾಯಿ ಬಿಡುತ್ತಿದ್ದರು. ನಮಗೇನು, ಹುಟ್ಟಿದಾಗಿನಿಂದ ಹೀಗೇ.

ನಾನು ಅಂಬಿಕಾದೇವಿ. ಊರಿಗೆಲ್ಲ ಅಂಬಕ್ಕ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಅಂಬಕ್ಕನ ಮೆಸ್ ನನ್ನದೇ. ಮುದ್ದೆ, ಸೊಪ್ಪಿನ ಸಾರು, ರೊಟ್ಟಿ, ಪಲ್ಯ, ಕೊನೆಗೆ ಮಜ್ಜಿಗೆ. ಗುರುತು ಬರುವವರೆಗೆ ಊಟಕ್ಕೆ ಕಾಯಿಸುವ ಪದ್ಧತಿ ನಾನು ಇಟ್ಟಿರಲಿಲ್ಲ. ಹಸಿದವನು ಯಾರಾದರೇನು, ಮೊದಲು ಎಲೆ ಹಾಕು, ಆಮೇಲೆ ಅವನು ಯಾವ ಊರ ದಾಸಯ್ಯನೋ ನೋಡೋಣ ಎಂಬುದು ನನ್ನ ಲೆಕ್ಕ. ಆದರೆ ಉಂಡಾದ ಮೇಲೆ ಮಾತ್ರ ಒಬ್ಬರನ್ನೂ ಕೂರಗೊಡುತ್ತಿರಲಿಲ್ಲ. ಮಜ್ಜಿಗೆ ಕುಡಿದು ಗೋಡೆಗೆ ಒರಗಿದವನ ಮೊಣಕೈ ಕೆಳಗೇ ನಮ್ಮ ಹೊಂಬಾಳಮ್ಮ ಒದ್ದೆ ಬಟ್ಟೆ ಎಳೆದು ಮೇಜು ಒರೆಸುತ್ತಿದ್ದಳು. 'ಎದ್ದೇಳ್ರಪ್ಪಾ, ಬಾಗಿಲಲ್ಲಿ ಜನ ನಿಂತವ್ರೆ' ಎಂದು ನಾನು ಒಲೆಯ ಮುಂದಿನಿಂದ ಕೂಗುತ್ತಿದ್ದೆ. ಹೊಂಬಾಳಮ್ಮ ಮೆಸ್ಸು ಶುರುವಾದಾಗಿನಿಂದ ನನ್ನ ಜೊತೆಗಿದ್ದವಳು. ಅವಳ ಒದ್ದೆ ಬಟ್ಟೆಗೆ ಊರೇ ಹೆದರುತ್ತಿತ್ತು.

ನನಗೆ ಮಕ್ಕಳಿಲ್ಲ, ಮದುವೆಯೂ ಇಲ್ಲ. ಇದ್ದವನು ಒಬ್ಬ ತಮ್ಮ, ಪಂಚಾಕ್ಷರಿ. ಅಪ್ಪ ಅವ್ವ ಹೋದಾಗ ಅವನಿಗೆ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಗುಡುಗಿದರೆ ಓಡಿಬಂದು ನನ್ನ ಸೆರಗಿನ ಚುಂಗು ಬಾಯಿಗಿಟ್ಟುಕೊಳ್ಳುತ್ತಿದ್ದ. ನನ್ನನ್ನು ಅಕ್ಕ ಎನ್ನಬೇಕೋ ಅವ್ವ ಎನ್ನಬೇಕೋ ತಿಳಿಯದೆ ಎರಡೂ ಸೇರಿಸಿ ಅಕ್ಕವ್ವ ಎನ್ನುತ್ತಿದ್ದ. ನನಗೆ ನೆಂಟಸ್ತಿಕೆ ಕೂಡಿಬಂದಿತ್ತು, ಗಂಡು ಕೂಡ ಲಕ್ಷಣವಾಗಿದ್ದ. 'ಹುಡುಗನ್ನ ಹಾಸ್ಟೆಲ್ಲಿಗೆ ಹಾಕಿ ಬಾ' ಎಂದ. 'ನಿನ್ನನ್ನೇ ಹಾಕ್ತೀನಿ, ಎದ್ದು ನಡಿ' ಎಂದು ಕಳಿಸಿದೆ. ಆ ಮಾತನ್ನು ಪಂಚಾಕ್ಷರಿಗೆ ನಾನು ಹೇಳದೆ ಬಿಟ್ಟಿಲ್ಲ. ಯಾಕೆ ಹೇಳಬಾರದು? ಮಾಡಿದವರು ಹೇಳದಿದ್ದರೆ ತಿಂದವರು ಹೇಳುತ್ತಾರಾ?

ಓದಿದ, ಗುರುತಿನ ಕಚೇರಿಯಲ್ಲಿ ಎಂಜಿನಿಯರ್ ಆದ. ಊರಿನವರ ಗುರುತನ್ನೆಲ್ಲ ನಡೆಸುವ ಆ ಯಂತ್ರ, ಅವನ ಬಾಯಲ್ಲಿ ವೆಬ್ ಆ್ಯಪ್, ಇತ್ತಲ್ಲ, ಅದರ ಹೊಟ್ಟೆಯೊಳಗೆ ಏನಿದೆಯೆಂದು ತಿಳಿದವನು ಅವನೊಬ್ಬನೇ. ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಮಧ್ಯಾಹ್ನದ ಊಟ ನನ್ನಲ್ಲೇ. ಹೆಂಡತಿ ಸುಚೇತಾ ಅದಕ್ಕೆ ಮೂಗು ಮುರಿಯುತ್ತಿದ್ದಳು, ಮುರಿಯಲಿ. ಅಡುಗೆಮನೆಯ ಮಣೆಯ ಮೇಲೆ ಕೂತು ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಕೊನೆಯ ಮೊಸರನ್ನಕ್ಕೆ ಒಂದು ಚಮಚ ಸಕ್ಕರೆ ಹಾಕಿಸಿಕೊಂಡು ತನ್ನ ಕೆಲಸದ ಗೋಳು ಹೇಳುತ್ತಿದ್ದ. ಬೇರೆ ಯಾರಿಗೆ ಹೇಳಬೇಕು, ಕಚೇರಿಯಲ್ಲಿ ಕೇಳುವವರಿರಲಿಲ್ಲ.

'ಗುರುತು ಬರೋದು ಯಾಕೆ ತಡ ಆಗುತ್ತೆ ಗೊತ್ತಾ ಅಕ್ಕವ್ವ? ಡೇಟಾಬೇಸ್ ಡ್ರೈವರ್ ಹಳೇದು.'

'ಹಳಬನಾದ್ರೆ ಬಿಡ್ಸಿ ಬೇರೆಯವನ್ನ ಇಟ್ಕೊಳ್ರೋ.'

'ಅಯ್ಯೋ, ಗಾಡಿ ಓಡಿಸೋನಲ್ಲ. ಅದೊಂದು ಪ್ರೋಗ್ರಾಮು. ಡೇಟಾಬೇಸ್ ಅಂದ್ರೆ ಉಗ್ರಾಣ ಅಂತ ತಿಳ್ಕೊ. ಎಲ್ರ ಹೆಸರು, ತಂದೆ-ತಾಯಿ, ಮನೆ ಎಲ್ಲ ಅಲ್ಲಿರುತ್ತೆ. ಕೇಳಿದ್ದನ್ನ ಉಗ್ರಾಣದಿಂದ ತಂದುಕೊಡೋದು ಡ್ರೈವರ್. ಈಗಿರೋದು ಹೆಂಗೆ ಅಂದ್ರೆ, ಹೊಂಬಾಳಮ್ಮ ಒಂದೊಂದು ಕಾಳಿಗೂ ಬೀಗ ತೆಗೆದು ಒಳಗೆ ಹೋಗಿ, ಬರುವಾಗ ಬಾಗಿಲು ಹಾಕೋದು ಮರೆತು, ಮುಂದಿನ ಕಾಳಿಗೆ ಇನ್ನೊಂದು ಬಾಗಿಲು ತೆಗೆದ ಹಂಗೆ.'

'ನನ್ ಹೆಸ್ರು ಯಾಕ್ ತರ್ತೀಯಪ್ಪ?' ಎಂದಳು ಹೊಂಬಾಳಮ್ಮ ಪಾತ್ರೆ ತಿಕ್ಕುತ್ತಾ. 'ನಾನೆಂದಾದ್ರೂ ಬಾಗ್ಲು ತೆಗ್ದಿಟ್ಟಿದ್ದೀನಾ?'

ಅವನು ನಕ್ಕ. ಮುಂದಿನ ತಿಂಗಳುಗಳೆಲ್ಲ ಅದೇ ಕೆಲಸದಲ್ಲಿ ಮುಳುಗಿದ. ಡ್ರೈವರನ್ನು ಹೊಸದಾಗಿ ಬರೆದ. ಉಗ್ರಾಣಕ್ಕೆ ಕೆಲವೇ ಬಾಗಿಲು, ತೆಗೆದದ್ದನ್ನೇ ಮತ್ತೆಮತ್ತೆ ಬಳಸುವುದು, ಒಬ್ಬನ ಕೆಲಸ ಮುಗಿದ ಕೂಡಲೇ ಇನ್ನೊಬ್ಬನಿಗೆ ಬಿಡುವುದು. ಹೊಸದನ್ನು ಹಾಕಿದ ಬೆಳಿಗ್ಗೆ ಊರಿಗೆ ಊರೇ ಬೆಚ್ಚಿಬಿತ್ತು. ಹೊಸ್ತಿಲು ದಾಟುವ ಮೊದಲೇ ಗಂಡಂದಿರನ್ನು ಹೆಂಡಿರು ಗುರುತಿಸಿ ಬೈಯತೊಡಗಿದರು. ಬಸ್ಸಿನಲ್ಲಿ ಎದುರು ಕೂತವನನ್ನು ಕಂಡ ತಕ್ಷಣ 'ನಮ್ಮ ಷಡ್ಡಕ ಅಲ್ವೇನೋ!' ಎಂದು ಅಪ್ಪಿಕೊಂಡರು. ಪಂಚಾಕ್ಷರಿಯನ್ನು ದಾರಿಯಲ್ಲಿ ನಿಲ್ಲಿಸಿ ಕೈಮುಗಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಆವತ್ತು ಮೆಸ್ಸಿನಲ್ಲಿ ಎಲ್ಲರಿಗೂ ಹೋಳಿಗೆ ಹಾಕಿಸಿದೆ.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ. ಗುರುತು ಬೇಗ ಬರತೊಡಗಿದ ಮೇಲೆ ಜನ ಒಬ್ಬರನ್ನೊಬ್ಬರು ಮಾತಾಡಿಸುವುದು ಹೆಚ್ಚಾಯಿತು, ಮಾತು ಹೆಚ್ಚಾದಂತೆ ಯಂತ್ರಕ್ಕೆ ಭಾರ ಹೆಚ್ಚಾಯಿತು. ಒಂದು ಮದುವೆಯ ಮಂಟಪದಲ್ಲಿ, ಇನ್ನೇನು ತಾಳಿ ಕಟ್ಟಬೇಕು, ಯಂತ್ರ ಮಲಗಿಬಿಟ್ಟಿತು. ತಾಳಿ ಹಿಡಿದ ಹುಡುಗ ಎದುರಿಗಿದ್ದವಳನ್ನು ನೋಡಿ 'ಯಾರಮ್ಮಾ ನೀವು?' ಎಂದ. ಹುಡುಗಿಯ ತಾಯಿ ತನ್ನ ಮಗಳನ್ನೇ ಪಕ್ಕಕ್ಕೆ ಸರಿಸಿ 'ಹೆಣ್ಣು ಎಲ್ರೀ, ಹೆಣ್ಣು ಕರೀರಿ' ಎಂದಳು. ಸಂಜೆಯವರೆಗೆ ಊರಿನಲ್ಲಿ ಯಾರಿಗೆ ಯಾರೂ ಇಲ್ಲ. ಪುಣ್ಯಕ್ಕೆ ಯಂತ್ರ ಎದ್ದಾಗ ಎಲ್ಲ ಇದ್ದ ಹಾಗೆಯೇ ಬಂತು. ಆದರೆ ಆ ಮದುವೆ ಊರಿನ ಅಧ್ಯಕ್ಷರ ಮನೆಯದಾಗಿತ್ತು. ಅಧ್ಯಕ್ಷರು ಮರುದಿನವೇ ಪಂಚಾಕ್ಷರಿಯನ್ನು ಕರೆಸಿ, ಇನ್ನೊಂದು ಸಲ ಹೀಗಾದರೆ ನಿನ್ನ ಕುರ್ಚಿ ಇರುವುದಿಲ್ಲ ಎಂದರು.

ಆವತ್ತು ಮಣೆಯ ಮೇಲೆ ಕೂತವನು ಅನ್ನ ಕಲಸುತ್ತಲೇ ಇದ್ದ. ತೊಂದರೆ ಉಗ್ರಾಣದಲ್ಲಿಲ್ಲ, ಮುಂಬಾಗಿಲಿನಲ್ಲಿದೆ ಎಂದ. ಒಬ್ಬೊಬ್ಬರಿಗೂ ಒಂದು ಸೆಷನ್, ಅಂದರೆ ತೆರೆದಿಟ್ಟ ಖಾತೆಯಂಥದ್ದು, ಇರುತ್ತದಂತೆ. ಹುಟ್ಟಿದಾಗ ಒಮ್ಮೆ ತೆರೆದದ್ದು, ಮುಚ್ಚುವುದೇ ಇಲ್ಲ. ಹೆಸರು, ಮನೆ, ಇಂಥವನ ಮಗಳು, ಇಂಥವನ ಹೆಂಡತಿ, ಇವೆಲ್ಲ ಉಗ್ರಾಣದ ದಾಖಲೆ. ಅದು ಬಿಟ್ಟು ಉಳಿದದ್ದೆಲ್ಲ, ಜನ ಜನರ ನಡುವೆ ಆದದ್ದು ಹೋದದ್ದು, ಮುನಿಸು, ಸಲಿಗೆ, ಅಡ್ಡಹೆಸರು, ಯಾರಿಗೂ ಹೇಳಬೇಡ ಎಂದು ಹೇಳಿದ್ದು, ಎಲ್ಲವೂ ಆ ಸೆಷನ್ನಿನಲ್ಲೇ ಬೀಳುತ್ತಾ ಬಂದಿದೆ, ಬೆಟ್ಟವಾಗಿದೆ, ಜಾಗವಿಲ್ಲ.

'ಏನೂ ಮಾಡದೆ ಕೂತವರದ್ದೂ ತೆರೆದೇ ಇರುತ್ತೆ ಅಕ್ಕವ್ವ. ಜಗಲಿ ಮೇಲೆ ಕೂತ ಮುದುಕರದ್ದು, ಮಲಗಿದವರದ್ದು. ಜಾಗ ಹಿಡ್ಕೊಂಡು ಕೂತವ್ರೆ. ಏನ್ ಮಾಡೋದು ತಿಳೀತಿಲ್ಲ.'

ಅಷ್ಟು ಹೊತ್ತಿಗೆ ಹೊರಗೆ ಹೊಂಬಾಳಮ್ಮ ಯಾರದೋ ಮೊಣಕೈ ಕೆಳಗೆ ಬಟ್ಟೆ ಎಳೆದಳು, ಅವನು 'ಎದ್ದೆ ಕಣಮ್ಮಾ, ಎದ್ದೆ' ಎಂದು ಗೊಣಗಿ ಎದ್ದ. ಪಂಚಾಕ್ಷರಿ ಅನ್ನ ಕಲಸುವುದನ್ನು ನಿಲ್ಲಿಸಿ ಅದನ್ನೇ ನೋಡಿದ. ನೋಡುತ್ತಾ ನೋಡುತ್ತಾ ಅವನ ಮುಖ ಅರಳಿತು. ಕೈ ಕೂಡ ಸರಿಯಾಗಿ ತೊಳೆಯದೆ ಕಚೇರಿಗೆ ಓಡಿದ.

ಹಾಗೆ ಬಂತು ಆ ನಿಯಮ. ಬೆಳಕಿದ್ದ ಹೊತ್ತಿನಲ್ಲಿ ಯಾರು ಕೈಯೂ ಆಡಿಸದೆ ಬಾಯಿಯೂ ಆಡಿಸದೆ ಒಂದು ದಿನ ಪೂರ್ತಿ ಇರುತ್ತಾರೋ ಅವರ ಸೆಷನ್ ಮುಚ್ಚಬೇಕು. ಅವನು ಒಂದು ದಿನ ಎಂದದ್ದನ್ನು ಅಧ್ಯಕ್ಷರು ಹೊಡೆದುಹಾಕಿ ಒಂದು ಗಂಟೆ ಎಂದು ಮಾಡಿದರು. ರಾತ್ರಿಗೆ ಲೆಕ್ಕವಿಲ್ಲ, ಅದೊಂದು ದಯೆ. ಮುಚ್ಚಿಹೋದವರನ್ನು ಊರಿನಲ್ಲಿ ಯಾರೂ ಅರಿಯರು. ಅವರಿಗೆ ಮಾತ್ರ ಎಲ್ಲರೂ ನೆನಪಿರುತ್ತಾರೆ. ಕಚೇರಿಯ ಕಿಟಕಿಗೆ ಹೋಗಿ ಹೆಸರು, ಗುಟ್ಟಿನ ಪದ ಹೇಳಿದರೆ ಹೊಸ ಸೆಷನ್ ತೆರೆಯುತ್ತದೆ, ದಾಖಲೆಯಲ್ಲಿ ಇದ್ದಷ್ಟು ಮರಳಿ ಬರುತ್ತದೆ. ದಾಖಲೆಯಲ್ಲಿ ಇಲ್ಲದ್ದು ಬರುವುದಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ಒಂದೆರಡು ದಿನ ಜನ ಬೈದರು, ಆಮೇಲೆ ಒಗ್ಗಿಕೊಂಡರು. ನಮ್ಮ ಜನ ಯಾವುದಕ್ಕೆ ಒಗ್ಗುವುದಿಲ್ಲ ಹೇಳಿ? ಮಧ್ಯಾಹ್ನದ ನಿದ್ದೆ ಊರಿನಿಂದ ಎದ್ದುಹೋಯಿತು. ಜಗಲಿಯ ಮುದುಕರು ಕಡಲೆಕಾಯಿ ಸುಲಿಯತೊಡಗಿದರು, ಸುಲಿಯಲು ಏನೂ ಸಿಗದವರು ಸುಲಿದ ಸಿಪ್ಪೆಯನ್ನೇ ಮತ್ತೆ ಹರಿದರು. ಸಾವಿನ ಮನೆಯಲ್ಲಿ ತಲೆ ತಗ್ಗಿಸಿ ಸುಮ್ಮನೆ ಕೂರುವ ಹಾಗಿಲ್ಲ, ಅಳಬೇಕು ಇಲ್ಲವೇ ಮಾತಾಡಬೇಕು. 'ಅಜ್ಜಾ, ಇದ್ದೀಯಾ?' ಎಂದು ಮನೆಮನೆಗೆ ಹೋಗಿ ಮುದುಕರ ಭುಜ ಅಲ್ಲಾಡಿಸುವುದೇ ಕೆಲವರಿಗೆ ಕಸುಬಾಯಿತು. ಕೆರೆ ಏರಿಯ ಮೇಲೆ ಹುಡುಗನಿಗೆ ಕಾಯುತ್ತಾ ನೀರು ನೋಡಿಕೊಂಡು ಕೂತ ಒಬ್ಬ ಹುಡುಗಿ ಹಾಗೇ ಮುಚ್ಚಿಹೋದಳು. ಹುಡುಗ ಬಂದವನು ಅವಳನ್ನು ದಾಟಿಕೊಂಡು ಮುಂದೆ ಹೋದ. ಆಮೇಲೆ ಅವಳು ಕಿಟಕಿಗೆ ಹೋಗಿ ಹೆಸರು ತೆರೆಸಿಕೊಂಡು ಬಂದು ಪರಿಚಯ ಹೇಳಿಕೊಂಡಳು. ಎರಡನೆಯ ಸಲ ಅವನಿಗೆ ಅವಳು ಇಷ್ಟವಾಗಲಿಲ್ಲವಂತೆ.

ಆದರೆ ಯಂತ್ರ ಆಮೇಲೆ ಒಮ್ಮೆಯೂ ಮಲಗಲಿಲ್ಲ. ಪಂಚಾಕ್ಷರಿಗೆ ಬಡ್ತಿಯಾಯಿತು. ಅಧ್ಯಕ್ಷರ ತಾಯಿ ಹಾಸಿಗೆ ಹಿಡಿದವರು, ಮಾತಿಲ್ಲ ಕತೆಯಿಲ್ಲ, ಅವರೊಬ್ಬರನ್ನು ಮಾತ್ರ ಗಂಟೆಯ ಲೆಕ್ಕದಿಂದ ಹೊರಗಿಟ್ಟಿದ್ದಾನೆಂದು ನನಗೆ ಗೊತ್ತಾಯಿತು. ಸಾರು ಬಡಿಸುತ್ತಾ ಕೇಳಿದೆ.

'ನಂಗೂ ಅದೊಂದು ಮಾಡಿಡೋ. ದೊಡ್ಡವರ ತಾಯಿಗೊಂದು ನ್ಯಾಯ, ನಿಮ್ಮಕ್ಕಂಗೊಂದಾ?'

'ನಿಂಗ್ಯಾಕೆ ಅಕ್ಕವ್ವ? ನೀನೆಲ್ಲಿ ಒಂದು ಗಂಟೆ ಸುಮ್ನೆ ಕೂತಿದ್ದೀಯ ಹುಟ್ಟಿದಾಗಿಂದ? ನಿನ್ ಬಾಯಿ ಮುಚ್ಚೋಕೆ ಯಾವ ಯಂತ್ರಕ್ಕಾಗುತ್ತೆ!'

ಅವನೂ ನಕ್ಕ, ನಾನೂ ನಕ್ಕೆ. ಹೊಂಬಾಳಮ್ಮನಂತೂ ಸೌಟು ಕೆಳಗಿಟ್ಟು ನಕ್ಕಳು.

ಕಾರ್ತಿಕದಲ್ಲಿ ನನಗೆ ಜ್ವರ ಬಂತು. ಬರುವ ಜ್ವರ ಹೊಂಬಾಳಮ್ಮ ಇದ್ದಾಗ ಬರಬಾರದಿತ್ತೇ? ಅವಳು ಮಗಳ ಬಾಣಂತನಕ್ಕೆ ಹೋಗಿದ್ದಳು. ಮೆಸ್ಸಿನ ಬಾಗಿಲು ಎಳೆದುಕೊಂಡು ಒಳಗೆ ಮಲಗಿದೆ. ಮೈ ಕಾದ ಹೆಂಚಾಗಿತ್ತು. ಪಂಚಾಕ್ಷರಿ ಬೆಳಿಗ್ಗೆ ಬಂದು ಮಾತ್ರೆ ಕೊಟ್ಟ, ಗಂಜಿ ಕುಡಿಸಿದ. ಆವತ್ತೇ ಕಚೇರಿಯಲ್ಲಿ ಅವನಿಗೆ ಸನ್ಮಾನ. ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದ, ಹಿಂದೆ ಕಾಲರು ಮಡಚಿತ್ತು, ಮಲಗಿದಲ್ಲಿಂದಲೇ ಕೈಚಾಚಿ ಸರಿಮಾಡಿದೆ.

'ನಿದ್ದೆ ಮಾಡ್ಬೇಡ ಅಕ್ಕವ್ವ. ನಾನು ಆಗಾಗ ಫೋನ್ ಮಾಡ್ತಿರ್ತೀನಿ, ಎತ್ತಿ ಹಲೋ ಅಂದ್ರೆ ಸಾಕು. ಮಧ್ಯಾಹ್ನ ಬಂದ್ಬಿಡ್ತೀನಿ.'

'ಹೋಗೋ, ಹೋಗು. ನಂಗೇನಾಗುತ್ತೆ. ಹಾರ ಹಾಕುವಾಗ ತಲೆ ಬಗ್ಗಿಸು, ಕೋಲಿನ ಹಂಗೆ ನಿಲ್ಬೇಡ' ಎಂದೆ.

ಮೊದಲು ಒಮ್ಮೆ ಫೋನು ಬಂತು, ಎತ್ತಿದೆ. ಆಮೇಲೆ ಫೋನನ್ನು ಎದೆಯ ಮೇಲಿಟ್ಟುಕೊಂಡು ಕಾದೆ. ಗೋಡೆಯ ಮೇಲಿದ್ದ ಅಪ್ಪನ ಪಟದ ಜೊತೆ ಮಾತಾಡಿದೆ, ಬಾಯಿ ಒಣಗಿತು. ಸೆರಗಿನ ನೂಲು ಎಳೆದೆ. ಈಗ ಮಾಡುತ್ತಾನೆ, ಈಗ ಮಾಡುತ್ತಾನೆ ಎಂದುಕೊಳ್ಳುತ್ತಲೇ ಕಣ್ಣು ಎಳೆದವು. ಆಮೇಲೆ ಕೇಳಿದ್ದು, ಅಧ್ಯಕ್ಷರ ಭಾಷಣ ಉದ್ದವಾಯಿತಂತೆ, ವೇದಿಕೆಯ ಮೇಲೆ ಫೋನು ತೆಗೆಯುವುದು ಚೆನ್ನಾಗಿರುವುದಿಲ್ಲ ಎಂದು ಜೇಬಿನಲ್ಲೇ ಬಿಟ್ಟನಂತೆ. ಬರೀ ಅಷ್ಟೇ ನಡೆದದ್ದು. ಅವನೇನು ಕೊಲೆ ಮಾಡಲಿಲ್ಲ.

ಎಚ್ಚರವಾದಾಗ ಜ್ವರ ಬಿಟ್ಟು ಮೈಯೆಲ್ಲ ಬೆವರಿತ್ತು, ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದಿತ್ತು. ಗಂಟೆ ದಾಟಿಹೋಗಿತ್ತು. ಫೋನು ಮಾಡಿದೆ.

'ಹಲೋ, ಯಾರು ಮಾತಾಡೋದು?'

'ನಾನು ಕಣೋ.'

'ನಾನು ಅಂದ್ರೆ ಯಾರಮ್ಮಾ?' ಹಿಂದೆ ಚಪ್ಪಾಳೆ, ನಗು ಕೇಳುತ್ತಿತ್ತು. 'ಸ್ವಲ್ಪ ಬೇಗ ಹೇಳಿ, ಕಾರ್ಯಕ್ರಮದಲ್ಲಿದ್ದೀನಿ.'

ನಾನು ಫೋನು ಇಟ್ಟೆ. ಎದ್ದು ಸೀರೆ ಸರಿಮಾಡಿಕೊಂಡು ಕಚೇರಿಯ ಕಿಟಕಿಗೆ ಹೋದೆ. ದಾರಿಯಲ್ಲಿ ವರ್ಷಗಟ್ಟಲೆ ನನ್ನ ಕೈಯ ಅನ್ನ ಉಂಡವರು ಕಣ್ಣೆತ್ತಿ ನೋಡಿ ಕಣ್ಣು ತೆಗೆದರು. ಸಾಲಿನಲ್ಲಿ ನಿಂತೆ. ಕಿಟಕಿಯವನಿಗೆ ಹೆಸರು ಹೇಳಿದೆ, ಗುಟ್ಟಿನ ಪದ ಕೇಳಿದ, ಅಕ್ಕವ್ವ ಎಂದೆ. ಅವನು ಗುಂಡಿ ಒತ್ತಿ, 'ಆಯ್ತು ನೋಡಿ, ಬಂತು. ಅಂಬಿಕಾದೇವಿ, ಮೆಸ್ಸು. ಒಬ್ಬರು ತಮ್ಮ ಇದ್ದಾರೆ ನಿಮಗೆ' ಎಂದ.

ಆ ಒಬ್ಬರು ತಮ್ಮ, ಜ್ವರವೆಂದು ಮತ್ತೆ ಫೋನು ಮಾಡಿದ್ದಕ್ಕೆ, ಸಂಜೆಗೆ ಬಂದರು, ಹೆಂಡತಿಯ ಸಮೇತ. ಸುಚೇತಾ ಸೇಬು, ಹಾರ್ಲಿಕ್ಸು ತಂದಿದ್ದಳು. ಕಾಯಿಲೆಯಾದ ನೆಂಟರನ್ನು ನೋಡಲು ಬಂದವರು ಕೂರುವ ಹಾಗೆ ಪಂಚಾಕ್ಷರಿ ಕುರ್ಚಿಯ ತುದಿಯಲ್ಲಿ ಕೂತ. ಅಡುಗೆಮನೆಯೊಳಗೆ ಕಾಲಿಡಲಿಲ್ಲ. 'ಈಗ ಹೇಗಿದೆ ಅಮ್ಮ? ಡಾಕ್ಟರಿಗೆ ತೋರಿಸಿದ್ರಾ?' ಎಂದ. ದೊಡ್ಡವರಿಗೆ ಕೊಡಬೇಕಾದ ಮರ್ಯಾದೆ ಎಲ್ಲ ಕೊಟ್ಟ. ಆ ಮರ್ಯಾದೆಗೆ ಬೆಂಕಿ ಬೀಳ.

ನಾನು ಸುಮ್ಮನೆ ಬಿಡುವವಳಲ್ಲ. ಊಟಕ್ಕೆ ಕರೆದೆ, ಕರೆದಾಗೆಲ್ಲ ಬಂದ, ಅಕ್ಕ ಎಂದು ದಾಖಲೆಯಲ್ಲಿ ಇದೆಯಲ್ಲ. ಹೊರಗಿನ ಮೇಜಿನಲ್ಲಿ ಉಣ್ಣುತ್ತಿದ್ದ. ಗುಡುಗಿನ ಕತೆ ಹೇಳಿದೆ, ಚಡ್ಡಿಯ ಗುಂಡಿಯ ಕತೆ ಹೇಳಿದೆ. 'ಹೌದಾ? ಹಾಗಾ?' ಎಂದು ಪಕ್ಕದ ಮನೆಯ ಮಗುವಿನ ಕತೆ ಕೇಳುವವನಂತೆ ಕೇಳಿದ. ಮೊಸರನ್ನಕ್ಕೆ ಸಕ್ಕರೆ ಹಾಕಿದಾಗ ಮಾತ್ರ ಬೆರಗಿನಿಂದ ನೋಡಿ, 'ನಾನು ಸಕ್ಕರೆ ಹಾಕ್ಕೊಳ್ತೀನಿ ಅಂತ ನಿಮಗೆ ಹೇಗೆ ಗೊತ್ತಾಯ್ತು?' ಎಂದ. ಅವನ ಬಾಲ್ಯದಲ್ಲಿ ನಾನು ನಿಂತಿದ್ದ ಜಾಗವೆಲ್ಲ ಈಗ ಖಾಲಿ. ಒಂದು ಸಲ ಪಕ್ಕದ ಮೇಜಿನವನಿಗೆ ಹೇಳುತ್ತಿದ್ದ, 'ನನಗೆ ಹಿಂದೆ ಮುಂದೆ ಯಾರಿರ್ಲಿಲ್ಲ ಸಾರ್, ನಾನೇ ಓದಿ ಮೇಲೆ ಬಂದೆ' ಎಂದು. ನಾನು ಅಲ್ಲೇ ಮುದ್ದೆಯ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆ ಅವನ ತಲೆಯ ಮೇಲೆ ಸುರಿಯಬೇಕೆನ್ನಿಸಿತು, ಸುರಿಯಲಿಲ್ಲ.

ಹೊಂಬಾಳಮ್ಮ ಮರಳಿ ಬಂದಳು. 'ಮೆಸ್ಸಿನ ಒಡತಿ ನೀವೇ ಅಲ್ವಾ? ಕೆಲ್ಸಕ್ಕೆ ಬರೋದಾ ಬ್ಯಾಡ್ವಾ?' ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಅವಳನ್ನು ಒಳಗೆ ಕರೆದು ಉಗ್ರಾಣ ಎಲ್ಲಿದೆಯೆಂದು ತೋರಿಸಿ, ಬಚ್ಚಲಿಗೆ ಹೋಗಿ ಅತ್ತೆ. ಜ್ವರದಲ್ಲೂ ಅತ್ತಿರಲಿಲ್ಲ.

ಕಚೇರಿಯ ನಾಗಲಿಂಗಯ್ಯ ಎಂಬವರು ನನ್ನಲ್ಲಿ ಊಟ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಮಾತಿಗೆ ಮಾತು ಬಂದು ಹೇಳಿದರು, ಮುಚ್ಚಿದ ಸೆಷನ್ನುಗಳು ಮುಚ್ಚಿದ ತಕ್ಷಣ ಹೋಗಿಬಿಡುವುದಿಲ್ಲವಂತೆ, ತಿಂಗಳ ಕೊನೆಗೆ ಒಟ್ಟಿಗೆ ಗುಡಿಸುವವರೆಗೆ ಒಂದು ಕಡೆ ಬಿದ್ದಿರುತ್ತವಂತೆ. ಎಂಜಿನಿಯರ್ ಮನಸ್ಸು ಮಾಡಿದರೆ ಅಲ್ಲಿಂದ ಎತ್ತಿ ಮತ್ತೆ ಹಾಕಬಹುದಂತೆ. ನನ್ನ ಕೈಯಲ್ಲಿದ್ದ ಸೌಟು ಸಾರಿನೊಳಗೆ ಬಿತ್ತು. ತಿಂಗಳು ಮುಗಿಯುತ್ತಾ ಬಂದಿತ್ತು. ಒಲೆಯನ್ನು ಹೊಂಬಾಳಮ್ಮನಿಗೆ ಬಿಟ್ಟು, ಮುಖ ತೊಳೆದು ಹೊರಟೆ. ಎಷ್ಟೋ ದಿನದ ಮೇಲೆ ನನ್ನ ಕಾಲಿಗೆ ಬಲ ಬಂದಿತ್ತು. ಅವನ ಕೈಯಲ್ಲೇ ಇದೆ, ನನ್ನ ತಮ್ಮನ ಕೈಯಲ್ಲೇ ಇದೆ, ಇನ್ನೇನು ಬೇಕು ಎಂದುಕೊಳ್ಳುತ್ತಾ ನಡೆದೆ.

ಪಂಚಾಕ್ಷರಿ ಎದ್ದು ನಿಂತು ಕುರ್ಚಿ ಕೊಟ್ಟ, ಕಾಫಿ ಹೇಳಿದ. ಬಂದ ಕೆಲಸ ಹೇಳಿದೆ. ಗುಡಿಸುವುದು ನಾಳಿದ್ದೇ ಎಂದ. ನನ್ನ ಹೆಸರು ಹೊಡೆದು ಹುಡುಕಿದ.

'ಇದೆ. ಅಬ್ಬಾ, ಎಷ್ಟು ದೊಡ್ಡದಿದೆಯಮ್ಮ ನಿಮ್ದು! ಇದರಲ್ಲಿ ಮುಕ್ಕಾಲು ಭಾಗ ನನ್ನ ಜೊತೇದೇ.'

'ನಿನ್ನದೇ ಕಣೋ. ಇನ್ನು ಯಾರದಿರುತ್ತೆ? ಎತ್ತಿ ಹಾಕು.'

ಅವನ ಬೆರಳು ಕೀಲಿಮಣೆಯ ಮೇಲೆ ಹೋಗಿ ನಿಂತಿತು. 'ಏನೇನಿದೆ ಇದರಲ್ಲಿ?' ಎಂದ.

ಹೇಳಿದೆ. ಕಾಫಿ ಆರಿ ಕೆನೆ ಕಟ್ಟುವವರೆಗೆ ಹೇಳಿದೆ. ಸೆರಗಿನ ಚುಂಗು, ಅವನಿಗೆ ಕಾಮಾಲೆಯಾದಾಗ ಹೊತ್ತುಕೊಂಡು ನಡೆದದ್ದು, ಹಾಸ್ಟೆಲ್ಲಿಗೆ ಹಾಕು ಎಂದ ಗಂಡನ್ನು ಎಬ್ಬಿಸಿ ಕಳಿಸಿದ್ದು, ಅವನ ಓದಿಗೆಂದೇ ಒಲೆ ಹೊತ್ತಿಸಿದ್ದು. ಅವನು ಗಲ್ಲಕ್ಕೆ ಕೈಕೊಟ್ಟು ಕೇಳಿದ.

'ಆ ಗಂಡಿನ ವಿಷ್ಯ, ಒಲೆ ವಿಷ್ಯ, ಇದನ್ನೆಲ್ಲ ನೀವು ನನಗೆ ಹೇಳ್ತಿದ್ರಾ?'

'ಹೇಳ್ತಿದ್ದೆ. ಯಾಕೆ ಹೇಳ್ಬಾರ್ದು?'

'ದಿನಾ?'

'ದಿನಾ ಯಾಕೆ ಹೇಳ್ಲಿ? ಊಟಕ್ಕೆ ಬಂದಾಗ ಹೇಳ್ತಿದ್ದೆ.'

'ಊಟಕ್ಕೆ ನಾನು ದಿನಾ ಬರ್ತಿದ್ನಾ?'

ನಾನು ಆರಿದ ಕಾಫಿಯ ಕೆನೆಯನ್ನು ಬೆರಳಿನಿಂದ ಸರಿಸಿದೆ. ಅವನು ಕುರ್ಚಿಗೆ ಒರಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

'ಬೇಡಮ್ಮ. ತಪ್ಪು ತಿಳ್ಕೋಬೇಡಿ. ಆ ಸನ್ಮಾನದ ದಿನದಿಂದ ನಂಗೆ ಯಾಕೋ ಮೈ ಹಗುರ ಆಗಿದೆ. ಉಂಡದ್ದು ಮೈಗೆ ಹತ್ತುತ್ತೆ, ಮಲಗಿದ ಕೂಡ್ಲೇ ನಿದ್ದೆ ಬರುತ್ತೆ. ಬಡ್ತಿ ಬಂದಿದ್ದಕ್ಕೆ ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತು ಯಾಕೆ ಅಂತ.' ತೆರೆಯ ಮೇಲಿದ್ದ ನನ್ನ ಹೆಸರನ್ನು ಅವನೇ ಮುಚ್ಚಿದ. 'ನೀವು ನನ್ನ ಅಕ್ಕ ಅನ್ನೋದು ದಾಖಲೇಲಿ ಇದ್ದೇ ಇದೆ, ಅದನ್ನ ಯಾರೂ ತೆಗೆಯೋಲ್ಲ. ಹಬ್ಬಕ್ಕೆ ಬರ್ತೀವಿ. ಕಾಯಿಲೆ ಕಸಾಲೆ ಅಂದ್ರೆ ಒಂದು ಫೋನ್ ಮಾಡಿ.'

ಹತ್ತಿದ ಏಣಿ ಒದ್ದವರನ್ನು ಕಂಡಿದ್ದೇನೆ. ಏಣಿಯೇ ಇರಲಿಲ್ಲ ಎಂದು ಮನಸ್ಸಾರೆ ನಂಬಿ ಮೇಲೆ ಕೂತು ನಗುವವನಿಗೆ ಏನೆಂದು ಬೈಯುವುದು? ತಡಕಾಡಿ ಸಿಕ್ಕಿದ್ದನ್ನು ಅವನ ಮುಖಕ್ಕೆ ಎಸೆದೆ.

'ಹಂಗಾದ್ರೆ ನನ್ ತಲೇಲಿ ಇರೋ ನಿನ್ನನ್ನೂ ತೆಗ್ದುಬಿಡು. ನಿನಗೊಬ್ಬನಿಗೇ ಯಾಕೆ ಹಗುರ? ನನಗೂ ಆಗ್ಲಿ.'

ಚುಚ್ಚಲೆಂದೇ ಆಡಿದ ಮಾತು. ಚುಚ್ಚಲಿಲ್ಲ. ಅವನು ನೆಟ್ಟಗೆ ಕೂತು ನಿಜಕ್ಕೂ ಯೋಚನೆ ಮಾಡಿದ.

'ಅದಕ್ಕೆ ವ್ಯವಸ್ಥೆ ಮಾಡಿಲ್ಲಮ್ಮ. ಮರೆತವರ ಕಡೆ ಮಾತ್ರ ನೋಡಿದ್ವಿ. ಮುಚ್ಚಿಹೋದವರ ತಲೇಲಿ ಎಲ್ಲ ಹಾಗೇ ಉಳಿಯುತ್ತಲ್ಲ, ಅದೂ ಭಾರವೇ. ನಂಗೆ ಹೊಳೆದೇ ಇರ್ಲಿಲ್ಲ ನೋಡಿ. ಒಳ್ಳೇ ಸಲಹೆ ಕೊಟ್ರಿ.'

ಹೇಳುತ್ತಾ ಹೇಳುತ್ತಾ ಅವನ ಕಣ್ಣು ಹೊಳೆದವು. ಚಿಕ್ಕವನಿದ್ದಾಗ ಬಿಡಿಸಲಾಗದ ಲೆಕ್ಕವೊಂದು ಸಿಕ್ಕರೆ ಹೀಗೆಯೇ ಹೊಳೆಯುತ್ತಿದ್ದವು, ಉಣ್ಣಲು ಕರೆದರೂ ಬರುತ್ತಿರಲಿಲ್ಲ. ಈ ಊರಿನಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ, ಅವನಿಗೂ ಗೊತ್ತಿಲ್ಲ. ಅವನು ಆಗಲೇ ತೆರೆಯ ಕಡೆ ತಿರುಗಿ ಟೈಪು ಮಾಡುತ್ತಿದ್ದ. ಕಾಲರು ಹಿಂದೆ ಮಡಚಿತ್ತು. ನಾನು ಕೈ ಚಾಚಲಿಲ್ಲ, ಎದ್ದೆ.

'ಮುಂದಿನ ಸಲದ ಸುಧಾರಣೆಯಲ್ಲಿ ಸೇರಿಸ್ತೀನಿ ಅಮ್ಮ' ಎಂದ, ತಿರುಗಿ ನೋಡದೆ. 'ಮೊದಲನೇ ಹೆಸರು ನಿಮ್ದೇ ಬರ್ಕೋತೀನಿ.'